ಕಾಕಾನ ಗದ್ದಲ

ನನ್ನ ಮೇಜಿನ ಮೇಲೆ ಬೆರಳುದ್ದದ ಒಂದು ಪೆನ್‌ಡ್ರೈವ್ ಬಿದ್ದಿದೆ. ಅದನ್ನು ನೋಡಿದರೆ ಈಗಲೂ ಮೈ ಉರಿಯುತ್ತದೆ. ತೀರಿಹೋದ ನಮ್ಮ ಕಾಕಾನ ಕ್ಯಾಸೆಟ್ಟುಗಳ ಹಾಡುಗಳೆಲ್ಲ ಅದರಲ್ಲಿವೆ. ಅವನ ವರ್ಷಾಂತಿಕಕ್ಕೆ ನಾನೇ ಮುಂದೆ ನಿಂತು ಮಾಡಿಸಿ, ಬಂಧುಗಳಿಗೆಲ್ಲ ಒಂದೊಂದು ಹಂಚಿ, ಭೇಷ್ ಅನ್ನಿಸಿಕೊಂಡಿದ್ದೆ.

ಎಳ್ಳಮವಾಸ್ಯೆ ಮುಗಿದ ವಾರ ತಂಗಿಯ ಮಗನ ಕಾರಿನಲ್ಲಿ ಮುದ್ದೇಬಿಹಾಳದಿಂದ ಬಾಗೇವಾಡಿಗೆ ಬರುತ್ತಿದ್ದೆ. ಇದನ್ನೇ ಹಚ್ಚಿದ್ದ. ಒಂದು ಹಾಡು ಮುಗಿಯಿತು, ನಾನು ಕಿವಿಗೊಟ್ಟು ಕಾದೆ. ಯಾತಕ್ಕೆ ಕಾಯುತ್ತಿದ್ದೇನೆಂದು ನನಗೇ ಹೊಳೆಯುವ ಮೊದಲು ಇನ್ನೊಂದು ಹಾಡು ಧಡಕ್ಕನೆ ಶುರುವಾಯಿತು.

"ಕಾಕಾ ಎಲ್ಲಿ?" ಎಂದು ಚೀರಿದೆ.

"ಯಾಕ್ರಿ ಮಾಮಾ, ಅರಾಮ ಅದೀರಿಲ್ಲೋ?" ಎಂದು ಹುಡುಗ ಗಾಬರಿಯಾಗಿ ಕಾರು ನಿಲ್ಲಿಸಿದ. ಸತ್ತವರನ್ನು ಹುಡುಕುವ ವಯಸ್ಸು ನನಗೂ ಬಂತೆಂದು ತಿಳಿದಿರಬೇಕು, ಪಾಪ.

ಕಾಕಾನ ವಿಷಯ ನಿಮಗೆ ಹೇಳದೆ ಇದು ಅರ್ಥವಾಗುವುದಿಲ್ಲ. ಇಂಡಿ, ಸಿಂದಗಿ ಎಂದು ವರ್ಗವಾಗುತ್ತ ಸಾಲಿಯಲ್ಲಿ ಕನ್ನಡ ಕಲಿಸಿದವನು. ಮದುವೆ ಮಾಡಿಕೊಳ್ಳಲಿಲ್ಲ. ನೌಕರಿ ಮುಗಿಸಿ ನಮ್ಮ ಮನೆಗೇ ಬಂದ. ಅವನ ಖೋಲಿಯ ತುಂಬ ಪುಸ್ತಕ, ಕ್ಯಾಸೆಟ್ಟು. ನಡುವೆ ಒಂದು ಹಾಸಿಗೆ ಹಿಡಿಸುವಷ್ಟು ಜಾಗ. ಯಾವ ಪುಸ್ತಕವನ್ನೂ ಅವನು ಬರೀ ಓದುತ್ತಿರಲಿಲ್ಲ. ಜಾತಕ ಕೂಡಿಸಿದ ಹಾಗೆ ಅದಕ್ಕೊಂದು ಕ್ಯಾಸೆಟ್ಟು ಗೊತ್ತುಮಾಡುತ್ತಿದ್ದ. ದಪ್ಪ ಕಾದಂಬರಿಗೆ ಸಾವಕಾಶದ ಆಲಾಪ, ಪ್ರವಾಸದ ಪುಸ್ತಕಕ್ಕೆ ಮರಾಠಿ ನಾಟಕದ ಹಾಡು, ಜಗಳಗಂಟ ವಿಮರ್ಶೆಗೆ ಗೀಗೀ ಪದ. ಕ್ಯಾಸೆಟ್ಟಿನ ಮೇಲೆ ಅದರ ಜೋಡಿ ಪುಸ್ತಕದ ಹೆಸರು ಬರೆದಿಡುತ್ತಿದ್ದ.

ಹಾಡು ಮುಗಿದ ಮೇಲೆ ಕೊನೆಗೆ ಒಂದಿಷ್ಟು ಟೇಪು ಖಾಲಿ ಉಳಿಯುತ್ತದಲ್ಲ, ಅದು ದಂಡವಾಗುವುದು ಅವನಿಗೆ ಸೇರದು. ಕೊಂಡ ಕ್ಯಾಸೆಟ್ಟಿನ ಮೇಲೆ ಯಾರೂ ಬೇರೆ ತುಂಬಬಾರದೆಂದು ಅದರ ಬೆನ್ನಿಗೆ ಕಿಂಡಿ ಬಿಟ್ಟಿರುತ್ತಾರೆ. ಕಾಕಾ ಅದಕ್ಕೆ ಚೀಟಿ ಅಂಟಿಸಿ, ಕೆಂಪು ಗುಂಡಿ ಒತ್ತಿ, ಒಮ್ಮೆ ಕೆಮ್ಮಿ ಶುರುಮಾಡುತ್ತಿದ್ದ: "ಪುಟ ನೂರಾ ನಾಕು. ಇಲ್ಲಿ ಈ ಮನಶ್ಯಾ ಸುಳ್ಳ ಬರದಾನ. ಸೊಸಿ ಆದಾಕಿ ಹಿಂಗ ಅಳೂದಿಲ್ಲ."

ನಾನು ಆಲಮಟ್ಟಿಯಲ್ಲಿ ಕಾಲುವೆಯ ನಕ್ಷೆ ಬರೆಯುವ ನೌಕರ. ಫೈಲು ಬಿಟ್ಟು ಬೇರೇನೂ ಓದಿದವನಲ್ಲ. "ಟೇಪಿನ ಕೂಡ ಏನ ಮಾತಾಡ್ತಿ ಕಾಕಾ?" ಎಂದು ನಗುತ್ತಿದ್ದೆ.

"ನೀ ಓದೂದಿಲ್ಲ. ಮತ್ಯಾರ ಕೂಡ ಮಾತಾಡ್ಲಿ?" ಎನ್ನುತ್ತಿದ್ದ.

ಕಾರು ಸೀದಾ ಪೆನ್‌ಡ್ರೈವ್ ಮಾಡಿಕೊಟ್ಟವನ ಅಂಗಡಿಗೆ ಹೋಯಿತು. "ಹಾಡ ಮುಗದ ಮ್ಯಾಲಿನ ಮಾತೆಲ್ಲ ಎಲ್ಲಿ ಹಾಕಿಯೋ?" ಎಂದೆ.

"ತಗದೇನ್ರಿ ಸರ. ಯಾರೋ ಮುದುಕ್ರು ಕೆಮ್ಮೂದು, ಪುಟ ಹೇಳೂದು. ಎಂಟ ದಿನ ಕುಂತು ಸ್ವಚ್ಛ ಮಾಡೇನಿ. ಎಲ್ಲೂ ಉಳಿಸಿಲ್ಲ."

"ಯಾವ ಭಾಡ್ಯಾ ಹೇಳಿದ್ದ ನಿನಗ?"

"ನೀವ ಹೇಳಿದ್ರಲ್ರಿ! ಹಾಡಷ್ಟ ಇರ್ಲಿ, ಗದ್ದಲೆಲ್ಲಾ ತಗಿ ಅಂದ್ರಿ."

ಅಂದಿದ್ದೆ. ಹೌದು, ಅಂದಿದ್ದೆ. ಆದರೂ ಸಿಟ್ಟು ಅವನ ಮೇಲೇ ಹಾಯಿತು. ಏನು ರೋಗ ಇದು, ಸ್ವಾಮಿ? ಎಲ್ಲ ಸ್ವಚ್ಛ ಇರಬೇಕಂತೆ! ಕೆಮ್ಮು ಬೇಡ, ಕುರ್ಚಿ ಎಳೆದ ಸಪ್ಪಳ ಬೇಡ, ಬದುಕಿದ್ದ ಮನುಷ್ಯನ ಗುರುತೇ ಬೇಡ. "ಕ್ಯಾಸೆಟ್ಟರೆ ಕೊಡು" ಎಂದೆ.

ಅವನು ತಲೆ ತುರಿಸಿಕೊಂಡ. "ನೀವು ಬ್ಯಾಡ ಅಂದ್ರಿ ಅಂತ ನಮ್ಮಣ್ಣ ಇಂಗಳೇಶ್ವರಕ್ಕ ಒಯ್ದಾನ್ರಿ. ಜ್ವಾಳದ ಹೊಲದಾಗ ಹಕ್ಕಿ ಅಂಜಿಸಾಕ."

ಹೋಗಿ ನೋಡಿದೆ. ಗೂಟದಿಂದ ಗೂಟಕ್ಕೆ ಕಂದು ಟೇಪು ಎಳೆದು ಕಟ್ಟಿದ್ದರು. ಬಿಸಿಲಿಗೆ ಮಿರಮಿರ ಮಿಂಚುತ್ತ, ಗಾಳಿಗೆ ಭೊರ್ರೆನ್ನುತ್ತ ಕಾಕಾ ಹೊಲದ ತುಂಬ ಹಬ್ಬಿದ್ದ. ಕೈಹಾಕಿ ಕಿತ್ತುಬಿಡಬೇಕೆನಿಸಿತು.

"ತಡೀರಿ ಸಾಹೇಬ್ರ," ಎಂದ ಹೊಲದವನು. "ತೆನಿ ಹಾಲ ತುಂಬ್ಯಾವು. ಈಗ ಬಿಚ್ಚಿದ್ರ ಹಕ್ಕಿ ತಿಂತಾವು, ನಾವೇನ ತಿನ್ನೂಣು? ಸುಗ್ಗಿ ಆಗ್ಲಿ, ನಾನ ಸುತ್ತಿ ಕೊಡ್ತೇನಿ."

"ಡಬ್ಬಿಗೋಳು? ಅವುಗೋಳ ಮ್ಯಾಲ ಹೆಸರ ಬರದಿತ್ತಲ್ಲೋ!"

"ಒಡದು ತಿಪ್ಪಿಗೆ ಒಗದೇವ್ರಿ."

ಅಂಗಡಿಯಲ್ಲಿ ಬಾಯಿ ಮಾಡಿದ ನಾನು ಅಲ್ಲಿಂದ ಬರಿಗೈಲಿ ಮನೆಗೆ ಬಂದೆ. ಅವನದೇನು ತಪ್ಪು? ತಿಂಗಳೊಪ್ಪತ್ತು ಕಾದೆ. ಗಾಳಿ ಬೀಸಿದಾಗೆಲ್ಲ ಗಾಳಿಯನ್ನು ಬೈದೆ.

ಕೊಯ್ಲಾದ ಮೇಲೆ ಅವನು ಮಾತಿನಂತೆ ಟೇಪನ್ನೆಲ್ಲ ಜೋಳದ ದಂಟಿಗೆ ಸುತ್ತಿ ತಂದುಕೊಟ್ಟ. ಬಿಸಿಲಿಗೆ ಸುಟ್ಟು ಮಾರುಮಾರಿಗೆ ಹರಿದಿತ್ತು. ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಬೇರೊಂದು ಕ್ಯಾಸೆಟ್ಟಿನ ಖಾಲಿ ಡಬ್ಬಿಗೆ ಪೆನ್ಸಿಲಿನಿಂದ ಸುತ್ತಿ, ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದೆ. ಬರೀ ಗರಗರ. ನಾಲ್ಕು ದಿನ ಅದೇ ಗರಗರ. ಐದನೆಯ ದಿನ ಒಂದು ಕೆಮ್ಮು ಕೇಳಿಸಿತು.

"ಪುಟ ಅರವತ್ತೆರಡು. ಇದನ್ನ ನಮ್ಮ ಹುಡುಗ ಓದಬೇಕ ನೋಡು."

ಮುಂದೆ ಟೇಪು ಹರಿದಿತ್ತು.

ನಮ್ಮ ಹುಡುಗ ಅಂದರೆ ನಾನೇ, ಮತ್ತಾರು? ಆದರೆ ಯಾವ ಪುಸ್ತಕದ ಅರವತ್ತೆರಡು? ಆ ಹೆಸರು ಇಂಗಳೇಶ್ವರದ ತಿಪ್ಪೆಯಲ್ಲಿದೆ. ಇಲ್ಲಿ ಅವನ ಖೋಲಿಯಲ್ಲಿ ಕಪಾಟುಗಳು ಸೂರಿನ ತನಕ ಇವೆ.

ಈಗ ದಿನಾ ಬೆಳಿಗ್ಗೆ ಚಹಾ ಕುಡಿದು ಒಂದು ಪುಸ್ತಕ ಹಿಡಿಯುತ್ತೇನೆ. ಮೊದಲು ಅರವತ್ತೆರಡನ್ನಷ್ಟೇ ನೋಡುತ್ತಿದ್ದೆ. ಹಿಂದಿನದು ಓದದೆ ತಲೆಬುಡ ತಿಳಿಯುವುದಿಲ್ಲವೆಂದು ಈಗ ಒಂದನೆಯ ಪುಟದಿಂದ ಹೊರಡುತ್ತೇನೆ. ಹದಿನೇಳು ಪುಸ್ತಕ ಮುಗಿದಿವೆ. ಸಿಟ್ಟು ಮಾತ್ರ ಇಳಿದಿಲ್ಲ, ಆದರೆ ಅಂಗಡಿಯವನನ್ನು ಬಿಟ್ಟು ಮನೆಗೆ ಬಂದಿದೆ. ಆ ಪುಟಕ್ಕೆ ಬಂದಾಗೆಲ್ಲ ಬೆರಳಿಟ್ಟು ಗಟ್ಟಿಯಾಗಿಯೇ ಕೇಳುತ್ತೇನೆ: "ಇದ ಏನ ಕಾಕಾ?"

ಅವನು ಮಗ್ಗುಲಿಗೇ ಕುಳಿತಿದ್ದ ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ, ಮುಠ್ಠಾಳ.