ಒಂದೇ ಉಸಿರಿನ ಕಾರ್ಯದರ್ಶಿ

ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದೆ. ಮುಂದೆ ಹೋಗುತ್ತಿದ್ದ ಯಾರೋ ಅಪರಿಚಿತರ ಮೊಣಕಾಲಿನಿಂದ ನೋವಿನ ಮುಲಾಮಿನ ಘಾಟು ಬಂತು ನೋಡಿ, ಬಾಯಿಪಾಠ ಮಾಡುತ್ತಿದ್ದ ಭಾಷಣ ಮರೆತೇಹೋಯಿತು. ಅದು ಸದಾನಂದಣ್ಣನ ವಾಸನೆ. ನಮ್ಮ ಕಬಡ್ಡಿ ಸಂಘದ ಕಾರ್ಯದರ್ಶಿ ಸ್ಥಾನ ಬಿಡುತ್ತಿರುವ ಅವರಿಗೆ ಇವತ್ತು ಸಂಜೆ ಬೀಳ್ಕೊಡುಗೆ. ಹೊಗಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಉಡುಪಿ ಕಡೆಯ ಸದಾನಂದಣ್ಣ ವಿಕ್ರೋಳಿಯ ಕಾರ್ಖಾನೆ ತಂಡದಲ್ಲಿ ರೈಡರ್ ಆಗಿದ್ದವರು. ಉಸಿರು ಮುರಿಯದೆ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರು ತಂಡದೊಳಗೆ ನುಗ್ಗಿ, ಸಿಕ್ಕಷ್ಟು ಜನರನ್ನು ಮುಟ್ಟಿ ಬರುತ್ತಿದ್ದರಂತೆ. ನಾನು ಧಾರವಾಡದಿಂದ ಬಂದು ಅದೇ ಕಾರ್ಖಾನೆಯ ಆಫೀಸು ಸೇರುವಷ್ಟರಲ್ಲಿ ಅವರ ಮೊಣಕಾಲು ಹೋಗಿತ್ತು, ಸಂಘದ ಕುರ್ಚಿ ಬಂದಿತ್ತು. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಸಹ ಕಾರ್ಯದರ್ಶಿ ಮಾಡಿದರು. ನಾನು ಕಬಡ್ಡಿ ಆಡಿದ್ದು ಲೋಕಲ್ ರೈಲಿನ ಬಾಗಿಲಲ್ಲಿ ಮಾತ್ರ.

ಕುರ್ಚಿಯಲ್ಲಿ ಕೂತ ಸದಾನಂದಣ್ಣ ಮೊದಲು ತಂದದ್ದು ಒಂದು ನಿಯಮ. ಸಭೆಯಲ್ಲಿ ಯಾರೇ ಆಗಲಿ, ಒಂದೇ ಉಸಿರಿನಲ್ಲಿ ಮಾತು ಮುಗಿಸಬೇಕು. ಮತ್ತೆ ಉಸಿರೆಳೆದರೆ ಔಟ್. ಚಹಾ ಆರುವ ಮೊದಲೇ ಸಭೆ ಮುಗಿಯತೊಡಗಿತು. ನಮ್ಮ ಉಪಾಧ್ಯಕ್ಷರು ವಕೀಲರು. ಪಾಪ, ಇಷ್ಟು ವರ್ಷವಾದರೂ ಅವರು 'ವೇದಿಕೆಯ ಮೇಲಿರುವ ಗಣ್ಯರೇ' ಎಂಬುದನ್ನು ದಾಟಿ ಮುಂದೆ ಹೋಗಲಿಲ್ಲ.

ಹೋದ ತಿಂಗಳು, ನಮ್ಮ ಮೈದಾನ ಪಕ್ಕದ ಜಾಗವನ್ನು ನುಂಗಿದೆ ಎಂದು ಯಾರೋ ದೂರು ಕೊಟ್ಟರು. ವಿಚಾರಣೆಗೆ ಅಧಿಕಾರಿ ಸಂಘಕ್ಕೇ ಬಂದರು. ಮೈದಾನ ಹೋದರೆ ಸಂಘವೇ ಹೋದಂತೆ. ಸದಾನಂದಣ್ಣ ಎದ್ದು ನಿಂತರು. "ಸಾಹೇಬ್, ಯೇ ಮೈದಾನ್..." ಎನ್ನುವಷ್ಟರಲ್ಲಿ ಕೆಮ್ಮು ಬಂದು ಉಸಿರು ಮುರಿಯಿತು. ಸುಮ್ಮನೆ ಕೂತುಬಿಟ್ಟರು. ಅಧಿಕಾರಿಯೇ ಮುಂದುವರಿಸಿ ಎಂದರೂ ಏಳಲಿಲ್ಲ.

"ನಾನು ಔಟ್ ಆಗಿದ್ದೇನೆ ಮಾರಾಯ, ಇನ್ನು ನೀನು ಹೋಗು" ಎಂದರು ನನಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಎದ್ದು, ನನ್ನ ಧಾರವಾಡದ ಹಿಂದಿಯಲ್ಲಿ, ಈ ಮನುಷ್ಯ ಮೈದಾನ ಉಳಿಸಿಕೊಳ್ಳಲಿಕ್ಕೂ ಇನ್ನೊಂದು ಉಸಿರು ಕದಿಯುವುದಿಲ್ಲ, ಇಂಥವರು ಪಕ್ಕದವರ ಗೆರೆ ದಾಟುತ್ತಾರೆಯೇ, ಬೇಕಾದರೆ ಅಳೆದು ನೋಡಿ ಎಂದೆ. ಅಳೆದರು. ನಮ್ಮ ಬೇಲಿ ನಮ್ಮದೇ ಜಾಗದಲ್ಲಿ ಒಂದು ಅಡಿ ಒಳಗಿತ್ತು. ಗೆರೆ ತುಳಿದರೆ ಔಟ್ ಎಂಬ ಹಳೆಯ ಹೆದರಿಕೆಯಲ್ಲಿ ಸದಾನಂದಣ್ಣನೇ ಹಾಗೆ ಹಾಕಿಸಿದ್ದರಂತೆ.

ಮೈದಾನ ಉಳಿಯಿತು. ಬೆನ್ನು ತಟ್ಟುತ್ತಾರೆಂದು ನಾನು ಹತ್ತಿರ ಹೋದರೆ, "ನೀನು ನಡುವೆ ಎರಡು ಸಲ ಉಸಿರು ತೆಗೆದಿದ್ದಿ. ನಾನು ನೋಡಿದ್ದೇನೆ" ಎಂದರು. ಮರುದಿನವೇ ರಾಜೀನಾಮೆ. ಕೇಳಿದ್ದಕ್ಕೆ, "ಉಸಿರಿಲ್ಲದ ಕಾರ್ಯದರ್ಶಿ ಎಂತಕ್ಕೆ?" ಎಂದು ನನ್ನನ್ನೇ ಕೇಳಿದರು.

ಮೆಟ್ಟಿಲ ಕೊನೆಗೆ ಬಂದು ಏದುಸಿರು ಬಿಡುತ್ತ ನಿಂತಿದ್ದೇನೆ. ಮುಲಾಮಿನವರು ಜನರಲ್ಲಿ ಕರಗಿಹೋದರು. ನಾಲ್ಕು ಪುಟದ ಭಾಷಣ ಬರೆದಿದ್ದೆ. ನನ್ನ ಉಸಿರಿಗೆ ಅದು ಎಟುಕುವ ಮಾತಲ್ಲ. ಸಾಧನೆ, ಸೇವೆ, ಶಾಲು, ಹಾರ ಎಲ್ಲವನ್ನೂ ಬಿಟ್ಟೆ. ಅವರಿಲ್ಲದ ಸಭೆಯನ್ನು ನೆನೆದರೇ ನನಗೆ ಸಂಕಟವಾಗುತ್ತದೆ. ಸಂಜೆ ಎದ್ದು ನಿಂತು ಇಷ್ಟೇ ಹೇಳುತ್ತೇನೆ: "ಸದಾನಂದಣ್ಣ, ಹೋಗಬ್ಯಾಡ್ರಿ."

ಇಷ್ಟಕ್ಕೆ ನನ್ನ ಉಸಿರು ಸಾಕು.