ಕೌಬಾಯ್ ಹಬ್ಬದಲ್ಲಿ ಶೂ ಕಳಚಿದವರು

ಪಕ್ಕದ ಮನೆಯ ಅಂಕಲ್‌ರ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಬೇರೆ ಪಕ್ಷ ಕಟ್ಟಿದ ಹಾಗೆ ಒಂಟಿಯಾಗಿ ನಿಂತಿರುತ್ತಿತ್ತು. ಹರೆಯದಲ್ಲಿ ಉಡುಪಿ ಕಡೆಯ ಕಂಬಳಗಳಲ್ಲಿ ಕೋಣಗಳ ಹಿಂದೆ ಓಡಿ ಓಡಿ ಆದದ್ದು. ಆ ಬರಿಗಾಲಿನ ಬಗ್ಗೆ ಸಿಡ್ನಿಯ ನಮ್ಮವರು ಒಂದು ಕಥೆ ಹೇಳುತ್ತಾರೆ. ಮ್ಯೂಸಿಯಮ್ಮಿನ ಕೌಬಾಯ್ ಹಬ್ಬದಲ್ಲಿ ಅಂಕಲ್ ಶೂ ಹಾಕುವುದಿಲ್ಲವೆಂದು ಹಟ ಹಿಡಿದರು, ಸಿಟ್ಟಿನಲ್ಲಿ ಹೊರಟೇ ಹೋದರು, ಮಕ್ಕಳ ಕಾರ್ಯಕ್ರಮ ಹಾಳಾಯಿತು. ಚೆನ್ನಾಗಿರುವ ಕಥೆ. ಸುಳ್ಳು. ನಾನು ಅಲ್ಲೇ ಇದ್ದೆ.

ಮೊದಲು ಆ ಹಟದ ವಿಷಯ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಅಂಕಲ್ ಪ್ರತಿ ಭಾನುವಾರ ಪೆಂಡಲ್ ಹಿಲ್‌ನ ತಮ್ಮ ಮನೆಯ ಮುಂದೆ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದರು. ಶೂ ಕಂಡರಾಗದ ಮನುಷ್ಯ ಅದನ್ನು ಕನ್ನಡಿಯ ಹಾಗೆ ಹೊಳೆಯಿಸುತ್ತಾನೆಯೇ? ನಾನು ಶಾಲೆಯ ಡಿಬೇಟ್ ತಂಡ ಸೇರಿದ ಮೇಲೆ ಆ ಹೊತ್ತು ನನ್ನ ಪಾಠದ ಹೊತ್ತೂ ಆಯಿತು. ನಾನು ಯಾವ ಪಕ್ಷ ವಹಿಸಿದರೂ ಅವರದು ಎದುರು ಪಕ್ಷ. ದೊಡ್ಡವರಿಗೆ ಎದುರು ಮಾತಾಡಬೇಡ ಎಂದು ಅಮ್ಮ ಗದರುತ್ತಿದ್ದರೆ, ಈ ದೊಡ್ಡವರಿಗೆ ನಾನು ಎದುರು ಮಾತಾಡದಿದ್ದರೆ ಬೇಸರವಾಗುತ್ತಿತ್ತು.

"ಅಂಕಲ್, ಇದು ಎಲ್ರಿಗೂ ಗೊತ್ತಿರೋ ವಿಷ್ಯ."

"ಎಲ್ರಿಗೂ ಗೊತ್ತುಂಟು ಅಂದ್ರೆ ಯಾರೂ ಸರಿಯಾಗಿ ನೋಡಿಲ್ಲ ಅಂತ ಮಾರಾಯ್ತಿ. ಪುರಾವೆ ಎಲ್ಲುಂಟು? ತೆಗಿ ಹೊರಗೆ."

ಸರಿ, ತೆಗೆಯುತ್ತೇನೆ.

ದನ ಕಾಯುವ ಕೌಬಾಯ್‌ಗಳ ಬದುಕನ್ನು ಮಕ್ಕಳಿಗೆ ತೋರಿಸುವ ಆ ಹಬ್ಬಕ್ಕೆ ಮ್ಯೂಸಿಯಮ್ಮಿನವರು ಬೇರೆ ಬೇರೆ ಊರುಗಳಿಂದ ಬಂದ ಜನರ ಸಂಘಗಳನ್ನೂ ಕರೆದಿದ್ದರು: ನಿಮ್ಮ ಕಡೆ ದನಕರುಗಳ ಜೊತೆ ಹೇಗೆ ಬದುಕುತ್ತೀರಿ, ಮಕ್ಕಳಿಗೆ ತೋರಿಸಿ ಎಂದು. ನಮ್ಮ ಕನ್ನಡ ಸಂಘದ ಪಾಲಿಗೆ ಕಂಬಳ. ಅಂಕಲ್ ಗ್ಯಾರೇಜಿನಲ್ಲಿ ಮಕ್ಕಳು ಹೊರುವಷ್ಟು ಹಗುರದ ನೊಗ ಮಾಡಿದರು. ಇಬ್ಬರು ಮಕ್ಕಳು ಕೋಣಗಳು, ಹಗ್ಗ ಹಿಡಿದು ಹಿಂದೆ ಇನ್ನೊಬ್ಬ. ಮೊದಲು ಅಂಕಲ್ಲೇ ಓಡಿ ತೋರಿಸಬೇಕು. ಊರು ಬಿಟ್ಟ ಮೇಲೆ ಅವರು ಓಡಿಯೇ ಇರಲಿಲ್ಲ. ಆ ನೊಗ ಉಜ್ಜುವಾಗ ಅವರ ಮುಖ ನೋಡಬೇಕಿತ್ತು, ಮದುವೆ ಗೊತ್ತಾದವರ ಹಾಗೆ!

ಷರತ್ತು ಒಂದೇ. "ಕಂಬಳದ ಗದ್ದೆಗೆ ಚಪ್ಪಲಿ ಹಾಕಿ ಇಳಿಲಿಕ್ಕಿಲ್ಲ. ಇಲ್ಲಿ ಗದ್ದೆ ಇಲ್ಲದಿದ್ರೂ ನನಗೆ ಅದು ಗದ್ದೆಯೇ. ಮ್ಯೂಸಿಯಮ್ಮಿನವರ ಹತ್ರ ಮೊದಲೇ ಕೇಳಿ. ಆಗುದಿಲ್ಲ ಅಂದ್ರೆ ಬೇಡ, ನಾನು ಬರೀ ಮಾತಾಡ್ತೇನೆ."

ಸಂಘದ ಅಧ್ಯಕ್ಷರು, ಬೆಂಗಳೂರಿನವರು, ನನ್ನೆದುರೇ ಅಂಕಲ್‌ರ ಬೆನ್ನು ತಟ್ಟಿದರು. "ಟೆನ್ಷನ್ ತಗೋಬೇಡಿ ಸಾರ್. ನಾನು ಮಾತಾಡಾಗಿದೆ. ಎಲ್ಲಾ ಓಕೆ."

ಹಬ್ಬದ ದಿನ ಅಂಕಲ್ ಮರಳಿನ ಕಣದ ಅಂಚಿನಲ್ಲಿ ಶೂ ಕಳಚಿ, ಪ್ಯಾಂಟು ಮಡಚಿ, ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮ್ಯೂಸಿಯಮ್ಮಿನ ಹೆಂಗಸೊಬ್ಬಳು ಓಡಿ ಬಂದಳು. ಆಗಷ್ಟೇ ಕುದುರೆಗಳು ಓಡಿದ ಜಾಗ, ಬರಿಗಾಲಿನಲ್ಲಿ ಬಿಡುವಂತಿಲ್ಲ ಎಂದಳು. ಅಂಕಲ್ ಅಧ್ಯಕ್ಷರ ಕಡೆ ತಿರುಗಿದರು. ಮೈಕು ಹಿಡಿದಿದ್ದ ಅಧ್ಯಕ್ಷರು ತಲೆಯ ಮೇಲಿನ ಕೌಬಾಯ್ ಟೋಪಿಯನ್ನು ಹಿಂದಕ್ಕೆ ತಳ್ಳಿ, ಇಂಗ್ಲಿಷಿನಲ್ಲಿ ಒಮ್ಮೆ, ಸಾಲದೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು: "ಸಾರಿ, ನಮ್ಮ ಅಂಕಲ್ ಇದನ್ನ ದೇವಸ್ಥಾನ ಅನ್ಕೊಂಡ್‌ಬಿಟ್ಟಿದಾರೆ!"

ಕಣದ ಸುತ್ತ ಇದ್ದವರೆಲ್ಲ ನಕ್ಕರು. ನಗದವಳು ಆ ಹೆಂಗಸು ಮಾತ್ರ. "ಹೋದ ವಾರ ಒಂದು ಮಾತು ಹೇಳಿದ್ದರೆ ಹುಲ್ಲುಹಾಸನ್ನು ಬಿಟ್ಟುಕೊಡುತ್ತಿದ್ದೆವು. ಈಗ ಅಲ್ಲಿ ಕುರಿಮರಿಗಳಿವೆ. ನಮಗೆ ಯಾರೂ ತಿಳಿಸಲೇ ಇಲ್ಲವಲ್ಲ" ಎಂದು ನನ್ನ ಹತ್ತಿರ ಪೇಚಾಡಿಕೊಂಡಳು. ಇದು ನನ್ನ ಪುರಾವೆ.

ಶೂ ಹಾಕಿಕೊಂಡು ಮಾತಾಡಬಹುದಿತ್ತಲ್ಲ ಎಂದು ಕೇಳುವ ಜಾಣರಿದ್ದಾರೆ. ಅಂಕಲ್ ಅದನ್ನೇ ಮಾಡಿದರು. ಹುಲ್ಲಿನ ಪಿಂಡಿಯ ಮೇಲೆ ಕೂತು ಲೇಸು ಕಟ್ಟಿ, ಎದ್ದು ಬಂದು ಮೈಕಿಗೆ ಕೈ ಚಾಚಿದರು. ಅಧ್ಯಕ್ಷರು ಆಗಲೇ ಮಕ್ಕಳ ಟೋಪಿ ಮೆರವಣಿಗೆಯನ್ನು ಕಣಕ್ಕೆ ಕರೆದಾಗಿತ್ತು. ಚಾಚಿದ ಕೈಗೆ ಅವರು ಕೊಟ್ಟದ್ದು ಒಂದು ಹ್ಯಾಂಡ್‌ಶೇಕ್.

ವಾಪಸು ಬರುವಾಗ ಕಾರಿನಲ್ಲಿ ನಾನು ಕೂಗಾಡಿದೆ. "ಸುಳ್ಳು ಅಂತ ಅಲ್ಲೇ ಹೇಳ್ಬೇಕಿತ್ತು ಅಂಕಲ್! ಯಾಕೆ ಸುಮ್ನಿದ್ರಿ?"

"ಮಕ್ಕಳ ಹಬ್ಬದಲ್ಲಿ ಬೊಬ್ಬೆ ಹಾಕ್ಲಿಕ್ಕೆ ಆಗ್ತದಾ? ಅವರಿಗೇ ಗೊತ್ತಾಗ್ತದೆ. ನಾಳೆ ಫೋನ್ ಮಾಡ್ತಾರೆ, ನೋಡು."

ಅಧ್ಯಕ್ಷರು ಮಾಡಲಿಲ್ಲ. ನಾಳೆಯೂ ಇಲ್ಲ, ಅಂಕಲ್ ನಿವೃತ್ತರಾಗಿ ಮೆಲ್ಬರ್ನಿನ ವಿಂಡಮ್ ವೇಲ್‌ಗೆ ಮಗಳ ಮನೆಗೆ ಹೋದಾಗಲೂ ಇಲ್ಲ. ಯೂನಿವರ್ಸಿಟಿಯ ಡಿಬೇಟ್‌ಗಳಿಗೆ ಮುಂಚೆ ನಾನು ಫೋನ್ ಮಾಡಿದರೆ ಅಲ್ಲಿಂದಲೂ ಎದುರು ಪಕ್ಷ ವಹಿಸುತ್ತಿದ್ದರು. ನನಗೆ ವಾದ ಕಲಿಸಿದ ಮನುಷ್ಯ ತಮ್ಮ ಪರವಾಗಿ ಒಂದೇ ಒಂದು ವಾದ ಹೂಡಲಿಲ್ಲ. ಇದಕ್ಕೆ ಅವರ ಮೇಲೂ ನನಗೆ ಸಿಟ್ಟಿದೆ. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು.

ಸಿಡ್ನಿಯಲ್ಲಿ ಸಂಘದವರು ಸಂತಾಪ ಸಭೆ ಮಾಡಿದರು. ಅಧ್ಯಕ್ಷರು ಎದ್ದು, "ನಮ್ಮ ಅಂಕಲ್ ತುಂಬಾ ಮುಗ್ಧರು" ಎಂದು ಶುರುಮಾಡಿ, ಪ್ಯಾಂಟು ಮಡಚುವುದನ್ನು ಅಭಿನಯಿಸಿ ಅದೇ ಕಥೆ ಹೇಳಿದರು. ಜನ ನಕ್ಕು ಕಣ್ಣೊರೆಸಿಕೊಂಡರು. ನಾನು ಎದ್ದು ನಿಂತೆ.

"ಕೂತ್ಕೊಳೇ, ಇದೇನು ಡಿಬೇಟಾ?" ಎಂದು ಅಮ್ಮ ಕೈ ಜಗ್ಗಿದರು.

ನಾನು ಕೂರಲಿಲ್ಲ. ಅಧ್ಯಕ್ಷರ ಕಡೆ ತಿರುಗಿ ಕೇಳಿದೆ.

"ಅಂಕಲ್, ಮ್ಯೂಸಿಯಮ್ಮಿನವರ ಹತ್ರ ನೀವು ಮಾತಾಡಿದ್ರಾ, ಇಲ್ವಾ?"