ಜಗಳೂರಿನ ಹಸಿರು ಗುಡ್ಡ

ಫೆಬ್ರವರಿ ಮುಗಿಯುವ ವಾರ ಚನ್ನಗಿರಿಯಲ್ಲಿ ಬಸ್ಸಿಳಿದೆ. ಹೆಂಗಸಾದ್ದರಿಂದ ಟಿಕೆಟ್ಟು ಸೊನ್ನೆ ರೂಪಾಯಿ. ಚೀಲದಲ್ಲಿ ಅರಣ್ಯ ಇಲಾಖೆ ಕೊಟ್ಟ ಕಾಡ್ಗಿಚ್ಚಿನ ಸಮೀಕ್ಷೆಯ ಹಾಳೆಗಳು. ಒಂದೊಂದು ಗುಡ್ಡವನ್ನೂ ನೋಡಿ ಬೆಂಕಿಯ ಭಯ ‘ಹೆಚ್ಚು’, ‘ಕಡಿಮೆ’ ಎಂದು ಗುರುತು ಹಾಕಬೇಕು. ‘ಕಡಿಮೆ’ ಎಂದ ಕಡೆ ಈ ಬೇಸಿಗೆ ಕಾವಲುಗಾರರು ಇರುವುದಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಚನ್ನಗಿರಿಯ ಕಾಡಿನಲ್ಲಿ ತೇಗದ ತರಗೆಲೆ ಕಾಲು ಹೂಳುವಷ್ಟು ಬಿದ್ದಿತ್ತು. ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಸದ್ದು. ‘ಹೆಚ್ಚು’ ಎಂದು ಬರೆದೆ. ಮರುದಿನ ಹೊನ್ನಾಳಿ ದಾಟಿ ನ್ಯಾಮತಿಗೆ ಹೋದೆ. ಸೂರಗೊಂಡನಕೊಪ್ಪದ ಆಚೆ ಮೆಕ್ಕೆಜೋಳದ ಕೂಳೆ ಸುಡುತ್ತಿದ್ದರು. ಹೊಲಕ್ಕೂ ಕಾಡಿಗೂ ನಡುವೆ ಕಾಲುದಾರಿಯಷ್ಟೇ ಅಂತರ. ಅಲ್ಲಿಯೂ ‘ಹೆಚ್ಚು’. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಗೆದ್ದವಳಂತೆ ಮಲಗಿದೆ.

ಮೂರನೆಯ ದಿನ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಕಡೆ ಹೊರಟೆ. ಸುತ್ತ ಬರೀ ಬಂಡೆ, ಒಣಹುಲ್ಲು; ಒಂದು ಗುಡ್ಡ ಮಾತ್ರ ಬುಡದಿಂದ ನೆತ್ತಿಯವರೆಗೆ ಹಸಿರು. ಅದರ ಬುಡದಲ್ಲಿ ಇಳಿದೆ. ಕಣ್ಣು ತಂಪಾಯಿತು. ‘ಕಡಿಮೆ’ ಎಂದು ಬರೆದೆ.

ಆ ಗುಡ್ಡದ ಬೆಂಕಿ ಕಾವಲಿನ ಓಬಕ್ಕ ರಸ್ತೆ ಬದಿಯ ಬಂಡೆಯ ಮೇಲೆ ಬುತ್ತಿ ಬಿಚ್ಚಿದ್ದರು.

“ಏನ್ ಬರದ್ರಿ ಮೇಡಂ?”

ಓದಿ ಹೇಳಿದೆ. ಅವರ ಮುಖ ಇಳಿದುಹೋಯಿತು.

“ಈ ಗಿಡಕ್ಕೆ ಬಂದ್ರೆ ಅಂತಾರೆ ಕಣ್ರೀ. ಮುಟ್ಟಿ ನೋಡ್ರಿ.”

ಎಲೆ ಅಂಟಂಟಾಗಿತ್ತು. ಓಬಕ್ಕ ಬುತ್ತಿಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಹಸಿ ಎಲೆ ಇಟ್ಟು ಕಡ್ಡಿ ಗೀರಿದರು. ಚಟಚಟನೆ ಗೇಣುದ್ದ ಉರಿ ಎದ್ದಿತು! ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಅವರು ನೀರು ಸುರಿದು, ಬೂದಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

“ಹಸಿ ಎಲೇನೇ ಹಿಂಗೆ ಉರಿತೈತೆ. ಇಡೀ ಗುಡ್ಡ ಹತ್ಕೊಂಡ್ರೆ ಹೆಂಗೆ? ಒಳಗೆ ಕೊಂಡುಕುರಿ ಮರಿ ಹಾಕೈತೆ, ನಾಲ್ಕು ಕೊಂಬಿನ ಜಿಂಕೆ ಅಂತೀರಲ್ಲ, ಅದು. ಮರಿಗೆ ಓಡಾಕೆ ಇನ್ನೂ ಬರಲ್ರೀ.”

ತಲೆಯೆತ್ತಿ ನೋಡಿದೆ. ಇಡೀ ಗುಡ್ಡ ಎಣ್ಣೆ ಸವರಿಕೊಂಡಂತೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಅದರ ಮಡಿಲಲ್ಲೇ ಒಂದು ತಾಯಿ ಮರಿ ಮಲಗಿಸಿದೆ, ಕೆಳಗೆ ಒಬ್ಬ ಹೆಂಗಸು ಹಗಲಿಡೀ ಹೊಗೆ ಕಾಯುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳಿದ್ದೇ ಹೇಳಿದ್ದು; ನನ್ನ ತಲೆಗೇ ಅದು ಹತ್ತಿರಲಿಲ್ಲವೆಂದು ನಾಚಿಕೆಯಾಯಿತು.

‘ಕಡಿಮೆ’ಯನ್ನು ಹೊಡೆದುಹಾಕಿ, ‘ಹೆಚ್ಚು. ಕಾವಲು ತೆಗೆಯಬಾರದು’ ಎಂದು ಬರೆದು ಗಟ್ಟಿಯಾಗಿ ಓದಿದೆ.

“ನಿಮ್ಮ ಹೆಸರೂ ಬರೆಯಲೇ ಓಬಕ್ಕ?”

“ನಾನೇ ಆಗ್ಬೇಕಂತಿಲ್ರೀ. ಯಾರಾದ್ರೂ ಒಬ್ರು ಇರ್ಲಿ.”

ನಾಲ್ಕು ಗಂಟೆಯ ಬಸ್ಸು ಸಿಕ್ಕಿತು. ಕಿಟಕಿಯಿಂದ ಕೈ ಬೀಸಿದೆ. ಬಂಡೆಯ ಮೇಲೆ ನಿಂತಿದ್ದ ಓಬಕ್ಕ ನೋಡಲಿಲ್ಲ. ಅವರ ಕಣ್ಣು ಗುಡ್ಡದ ಮೇಲಿತ್ತು.